ರ‍್ಯಾಲಿಯ 1.6 ಕಿಲೋಮೀಟರ್ ಓಡುದು ಹೇಗೆ

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಹುಡುಗ್ರು ಸೇನೆಗೆ ಜನ ಸೇರಿಸ್ಕೊಳ್ಳುವ ಆರ್ಮಿ ರ‍್ಯಾಲಿಗೆ ಹೊರಟಾಗ ನಾನು ಪ್ರತಿ ವರ್ಷ ನೋಡುದು ಒಂದೇ ತಪ್ಪು. ವಿಸಿಲ್ ಹೊಡೆದ ಕೂಡ್ಲೇ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಾರೆ, ಮೊದಲ ಸುತ್ತಲ್ಲಿ ಎಲ್ಲರಿಗಿಂತ ಮುಂದೆ, ಮೂರನೇ ಸುತ್ತಿಗೆ ಸೊಂಟಕ್ಕೆ ಕೈ. ಶಕ್ತಿ ಇಲ್ಲಾಂತ ಹೇಳುವ ಹಾಗಿಲ್ಲ, ಅಡಿಕೆ ಮರ ಹತ್ತುವ, ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ಇಳಿಯುವ ಮಕ್ಳು. ಓಟದ ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹವಾಲ್ದಾರ್ ಆಗಿ ಪೆನ್ಶನ್ ಬಂದ ಮೇಲೆ ಶಾಲೆ ಗ್ರೌಂಡಲ್ಲಿ ಬೆಳಿಗ್ಗೆ ಹತ್ತು ಹನ್ನೆರಡು ಜನರನ್ನು ಓಡಿಸ್ತಾ ಇದ್ದೇನೆ, ಅಲ್ಲಿ ಮಾಡಿಸುದನ್ನೇ ಇಲ್ಲಿ ಬರೀತೇನೆ.

ಮೊದಲು ಕಾಗದಪತ್ರ, ಬೇಗ ಮುಗಿಸಿಬಿಡಿ. ಕಾಸರಗೋಡು ಜಿಲ್ಲೆಯವರಿಗೆ ರಿಕ್ರೂಟಿಂಗ್ ಆಫೀಸ್ ಕಲ್ಲಿಕೋಟೆಯದ್ದು, ಕಾಲೇಜು ಮಂಗಳೂರಲ್ಲಿ ಓದಿದ್ರೂ ಮನೆ ಯಾವ ಜಿಲ್ಲೆಯಲ್ಲಿ ಉಂಟೋ ಆ ಲೆಕ್ಕದಲ್ಲೇ ಹಾಕ್ಬೇಕು. ಆನ್‌ಲೈನ್ ಫಾರ್ಮ್ ಹಾಕುವ ಅಕ್ಷಯ ಸೆಂಟರಿಗೆ ಹೋಗುವ ಮೊದಲು ಎಸ್ಸೆಸ್ಸೆಲ್ಸಿ ಪುಸ್ತಕದ ಹೆಸರು ಮತ್ತು ಆಧಾರ್‌ದು ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ, ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಮುಂದೆ ಇನ್ನೊಂದರಲ್ಲಿ ಹಿಂದೆ ಇರ್ತದೆ. 2023ರಿಂದ ಆನ್‌ಲೈನ್ ಪರೀಕ್ಷೆ ಮೊದಲು, ಅದರಲ್ಲಿ ಪಾಸಾದವರಿಗೆ ಮಾತ್ರ ರ‍್ಯಾಲಿ, ಪರೀಕ್ಷೆ ಈಗ ಕನ್ನಡದಲ್ಲೂ ಬರೀಬಹುದು. ಈ ಬದಲಾವಣೆಯಿಂದ ಒಂದು ಕೆಟ್ಟ ಅಭ್ಯಾಸ ಶುರು ಆಗಿದೆ. ರಿಸಲ್ಟ್ ಬರಲಿ ಮತ್ತೆ ಓಡುವಾ ಅಂತ ಕೂತ್ಕೊಳ್ತಾರೆ. ಆಗ ಉಳಿಯುವ ದಿನ ಯಾವುದಕ್ಕೂ ಸಾಲುದಿಲ್ಲ. ಫಾರ್ಮ್ ಹಾಕಿದ ಮರುದಿನದಿಂದಲೇ ಓಡ್ಬೇಕು, ಕಮ್ಮಿ ಅಂದ್ರೂ 12 ವಾರ ಬೇಕು.

ಎರಡನೇದು ಗ್ರೌಂಡ್ ಅಳೆಯುದು. ನಮ್ಮ ಗ್ರೌಂಡ್ ಒಂದು ಸುತ್ತು 200 ಮೀಟರ್ ಅಂತ ಎಲ್ಲರೂ ಹೇಳ್ತಾ ಇದ್ರು, ಟೇಪ್ ಹಿಡಿದು ಅಳೆದಾಗ ಇದ್ದದ್ದು 184. ಎಂಟು ಸುತ್ತಿಗೆ 128 ಮೀಟರ್ ಮೋಸ. ಅಲ್ಲಿ 5 ನಿಮಿಷ 20 ಸೆಕೆಂಡಿಗೆ ಮುಗಿಸಿ ಖುಷಿಪಟ್ಟ ಹುಡುಗ ಅದೇ ಸ್ಪೀಡಲ್ಲಿ ನಿಜವಾದ 1.6 ಓಡಿದ್ರೆ 5:48 ಆಗ್ತದೆ, ಅಂದ್ರೆ 5:30 ದಾಟಿ ಫುಲ್ ಮಾರ್ಕು ಹೋಯ್ತು. ಫೋನಿನ ಆ್ಯಪ್ ನಂಬ್ಬೇಡಿ, ಸಣ್ಣ ಸುತ್ತಲ್ಲಿ, ತಿರುವಲ್ಲಿ ಅದು ತಪ್ಪು ತೋರಿಸ್ತದೆ. ಮೇಸ್ತ್ರಿ ಹತ್ರ ಉದ್ದದ ಟೇಪ್ ಕೇಳಿ ಅಳೆದು, ಪ್ರತಿ 100 ಮೀಟರಿಗೆ ಸುಣ್ಣದಲ್ಲಿ ಗೆರೆ ಎಳೀರಿ.

ಮೊದಲ ನಾಲ್ಕು ವಾರ ನಿಧಾನ ಓಟ, ವಾರಕ್ಕೆ ನಾಲ್ಕು ದಿನ, 25 ರಿಂದ 30 ನಿಮಿಷ, ಪಕ್ಕದವನ ಹತ್ರ ಮಾತಾಡ್ತಾ ಓಡ್ಲಿಕ್ಕೆ ಆಗುವ ಸ್ಪೀಡು. ಮುರಕಲ್ಲಿನ ಗ್ರೌಂಡು ತುಂಬ ಗಟ್ಟಿ, ಒಮ್ಮೆಲೇ ಜಾಸ್ತಿ ಓಡಿದ್ರೆ ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯ್ತದೆ, ಬೆರಳಲ್ಲಿ ಒತ್ತಿದ್ರೆ ಒಂದೇ ಜಾಗದಲ್ಲಿ ಚುರುಕ್ ಅಂದ್ರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಓಡ್ಬೇಡಿ. ಕುಂಬಳೆ, ಉಪ್ಪಳ ಕಡೆಯವರು ಇಳಿತದ ಹೊತ್ತಿಗೆ ಕಡಲ ಬದಿಯ ಒದ್ದೆ ಹೊಯಿಗೆಯಲ್ಲಿ ಓಡಬಹುದು, ಆದ್ರೆ ಅಲ್ಲಿ ನೆಲ ಒಂದು ಕಡೆ ವಾಲಿರ್ತದೆ, ಹೋದಷ್ಟೇ ದೂರ ತಿರುಗಿ ಓಡಿ ಬನ್ನಿ, ಇಲ್ಲಾಂದ್ರೆ ಒಂದೇ ಕಾಲಿಗೆ ಪೆಟ್ಟು. ಮಳೆಗಾಲದಲ್ಲಿ ಪಾಚಿ ಹಿಡಿದ ಗ್ರೌಂಡಿಗೆ ಇಳೀಲೇಬೇಡಿ.

ಈಗ ಮುಖ್ಯ ವಿಷಯ, ಎಲ್ಲರೂ ಸೋಲುವ ಜಾಗ. ಫುಲ್ 60 ಮಾರ್ಕಿಗೆ 5 ನಿಮಿಷ 30 ಸೆಕೆಂಡಿನ ಒಳಗೆ ಮುಗಿಸ್ಬೇಕು, ಅಂದ್ರೆ 330 ಸೆಕೆಂಡು, 400 ಮೀಟರಿನ ಒಂದು ಸುತ್ತಿಗೆ ಎಂಬತ್ತೆರಡೂವರೆ. ನಾನು ಮಕ್ಕಳಿಗೆ 5:20 ಗುರಿ ಇಡ್ತೇನೆ, ರ‍್ಯಾಲಿಯ ನೂಕುನುಗ್ಗಲಿಗೆ ಹತ್ತು ಸೆಕೆಂಡು ಕೈಯಲ್ಲಿ ಇರ್ಬೇಕು. ಲೆಕ್ಕ ಹೀಗೆ: ಮೊದಲ ಸುತ್ತು 80, ಎರಡನೇದು 81, ಮೂರನೇದು 82, ಕೊನೇದು 77. ಮೊದಲ ಸುತ್ತು 80ರಲ್ಲಿ ಓಡುವಾಗ ಇದು ತುಂಬ ನಿಧಾನ ಆಯ್ತು, ಎಲ್ಲರೂ ಮುಂದೆ ಹೋದ್ರು ಅಂತ ಅನ್ನಿಸ್ತದೆ. ಹಾಗೆ ಅನ್ನಿಸಿದ್ರೆ ನೀವು ಸರಿಯಾಗಿ ಓಡ್ತಾ ಇದ್ದೀರಿ ಅಂತ ಅರ್ಥ. ಮೂರನೇ ಸುತ್ತಲ್ಲಿ ಕಾಲು ಕಲ್ಲಾಗ್ತದೆ, ಅಲ್ಲಿ 82 ಹಿಡಿದಿಟ್ಕೊಂಡವನಿಗೆ ಕೊನೇ ಸುತ್ತಲ್ಲಿ ಮುಂದಿನವರು ಒಬ್ಬೊಬ್ಬರಾಗಿ ಕೈಗೆ ಸಿಕ್ತಾರೆ.

ಈ ಸ್ಪೀಡು ಮೈಗೆ ಹಿಡಿಸುದು ವಿಸಿಲಿನಿಂದ. ನಾನು ನಡುವಲ್ಲಿ ನಿಂತು 20 ಸೆಕೆಂಡಿಗೊಮ್ಮೆ ವಿಸಿಲ್ ಹೊಡೀತೇನೆ, ವಿಸಿಲ್ ಆಗುವಾಗ ಹುಡುಗ 100 ಮೀಟರಿನ ಸುಣ್ಣದ ಗೆರೆ ಮೇಲೆ ಇರ್ಬೇಕು, ಹಿಂದೆಯೂ ಇರ್ಬಾರದು ಮುಂದೆಯೂ ಇರ್ಬಾರದು. ಬೇಗ ತಲುಪಿದವನಿಗೆ ಶಭಾಷ್ ಇಲ್ಲ, ಅವನನ್ನು ನಿಲ್ಲಿಸಿ ಪುನಃ ಮೊದಲಿಂದ ಓಡಿಸ್ತೇನೆ. ಐದನೇ ವಾರದಿಂದ ಹತ್ತನೇ ವಾರದವರೆಗೆ ವಾರಕ್ಕೆ ಎರಡು ದಿನ 400 ಮೀಟರ್ ಆರು ಸಲ, ನಡುವೆ ಎರಡು ನಿಮಿಷ ನಡಿಗೆ. ಆರೂ ಸಲದ ಟೈಮಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರ್ಬಾರದು. ಕೊನೆಕೊನೆಗೆ ವಿಸಿಲೂ ಬೇಡ, ವಾಚೂ ಬೇಡ, ಓಡಿ ಮುಗಿಸಿ ಎಷ್ಟಾಯ್ತು ಅಂತ ಅವನೇ ಹೇಳ್ಬೇಕು. ಒಬ್ಬ ಹುಡುಗ, ಉದ್ದ ಕಾಲು, ಒಳ್ಳೆ ಕಬಡ್ಡಿ ಆಟಗಾರ, ಮೊದಲ ಸುತ್ತು 68ರಲ್ಲಿ ಓಡಿ ಒಟ್ಟು 5:58ಕ್ಕೆ ಬರ್ತಾ ಇದ್ದ. ಎರಡು ವಾರ ಅವನನ್ನು ಗುಂಪಿನ ಅತಿ ನಿಧಾನದವನ ಬೆನ್ನ ಹಿಂದೆಯೇ ಓಡಿಸಿದೆ, ದಾಟ್ಲಿಕ್ಕಿಲ್ಲ. ಕಣ್ಣಲ್ಲಿ ನೀರು ತಂದ್ಕೊಂಡ. ಮತ್ತೆ ಸ್ವಲ್ಪ ಸಮಯ ಕಳೆದು ಟ್ರಯಲ್ ಮಾಡಿದಾಗ 5:24.

ತಿರುವಲ್ಲಿ ಓವರ್‌ಟೇಕ್ ಮಾಡ್ಬೇಡಿ. 400 ಮೀಟರ್ ಟ್ರ್ಯಾಕಲ್ಲಿ ಒಂದು ಲೇನ್ ಹೊರಗೆ ಓಡಿದ್ರೆ ಪ್ರತಿ ಸುತ್ತಿಗೆ ಏಳೂವರೆ ಮೀಟರ್ ಹೆಚ್ಚು, ನಾಲ್ಕು ಸುತ್ತಿಗೆ 30 ಮೀಟರ್, ಅಂದ್ರೆ ಆರು ಸೆಕೆಂಡು ಸುಮ್ನೆ ಹೋಯ್ತು. ಒಳಗಿನ ಗೆರೆ ಹಿಡೀರಿ, ನೇರ ಬಂದಾಗ ದಾಟಿ.

ಶೂ ಬಗ್ಗೆ ಹೇಳ್ಲೇಬೇಕು. ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಬದಿಯಲ್ಲಿ ಸಿಗುವ ದಪ್ಪ ಸ್ಪಂಜಿನ ಶೂ ತಿಂಗಳೊಳಗೆ ಅಡಿ ಕಿತ್ತು ಬರ್ತದೆ, ತಿರುವಲ್ಲಿ ಪಾದ ಹೊರಳ್ತದೆ. ಹಗುರದ, ಅಡಿ ತೆಳುವಾದ ಒಂದೇ ಜೊತೆ ತಗೊಳ್ಳಿ, ರ‍್ಯಾಲಿಗೆ ಕಮ್ಮಿ ಅಂದ್ರೂ ಮೂರು ವಾರ ಮೊದಲು ಕಾಲಿಗೆ ಹೊಂದಿರ್ಬೇಕು. ಡಬ್ಬಿ ಪೌಡರ್, ಎನರ್ಜಿ ಡ್ರಿಂಕ್, ಯಾರೋ ಕೊಡ್ತೇನೆ ಅನ್ನುವ ಇಂಜೆಕ್ಷನ್ ಯಾವುದೂ ಬೇಡ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಮೊಟ್ಟೆ ಅಥವಾ ಮೀನು, ಬಾಳೆಹಣ್ಣು ಸಾಕು. ದುಡ್ಡು ಕೊಟ್ರೆ ಸೀಟು ಮಾಡಿಕೊಡ್ತೇನೆ ಅಂತ ಯಾರಾದ್ರೂ ಮನೆ ಬಾಗಿಲಿಗೆ ಬಂದ್ರೆ ಅಪ್ಪ ಅಮ್ಮನಿಗೆ ನೀವೇ ಬಿಡಿಸಿ ಹೇಳಿ, ಒಂದು ಪೈಸೆಯೂ ಕೊಡ್ಲಿಕ್ಕಿಲ್ಲ.

ಗುಂಪಲ್ಲಿ ಪ್ರತಿ ವಾರ ಒಬ್ಬ ಲೀಡರ್. ಅವ ಐದೂ ಕಾಲಕ್ಕೆ ಎಲ್ಲರಿಗಿಂತ ಮೊದಲು ಬರ್ಬೇಕು, ತಲೆ ಎಣಿಸ್ಬೇಕು, ಬಾರದವನ ಮನೆಗೆ ಫೋನ್ ಮಾಡ್ಬೇಕು, ಕೂಲ್ ಡೌನ್ ಓಟದಲ್ಲಿ ಕೊನೆಯವನ ಜೊತೆ ಓಡ್ಬೇಕು, ನೀರು ಕೊನೆಗೆ ಕುಡೀಬೇಕು. ಇದು ನನ್ನ ಹಟ ಅಲ್ಲ. 1932ರಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಉದ್ಘಾಟನೆಯಲ್ಲಿ ಆಗಿನ ಕಮಾಂಡರ್-ಇನ್-ಚೀಫ್ ಜನರಲ್ ಚೆಟ್‌ವೋಡ್ ಹೇಳಿದ್ದು ಇದನ್ನೇ, ದೇಶ ಮೊದಲು, ನಿನ್ನ ಕೈಕೆಳಗಿನ ಜವಾನರ ಹಿತ ಆಮೇಲೆ, ನಿನ್ನದು ಯಾವಾಗಲೂ ಕೊನೆಗೆ. ಆಫೀಸರಿಗೆ ಹೇಳಿದ ಮಾತು ಹತ್ತು ಜನರ ಸೆಕ್ಷನ್ ನಡೆಸುವ ಹವಾಲ್ದಾರನಿಗೂ ಅಷ್ಟೇ ಸತ್ಯ. ಟ್ರೈನಿಂಗ್ ಸೆಂಟರಲ್ಲಿ ನನ್ನ ಉಸ್ತಾದ್ ನಮ್ಮ ಜೊತೆ ಪೂರ್ತಿ ಓಡಿ, ಮತ್ತೆ ನಮ್ಮೊಬ್ಬೊಬ್ಬರ ಪಾದದ ಬೊಬ್ಬೆ ಬಗ್ಗಿ ನೋಡ್ತಾ ಇದ್ರು. ಅವರು ಬೈದದ್ದು ನನಗೆ ನೆನಪಿಲ್ಲ, ಆ ಬಗ್ಗಿದ ತಲೆ ನೆನಪುಂಟು.

ಬೀಮ್, ಅಂದ್ರೆ ಕಂಬಿ ಹಿಡಿದು ನೇತು ಮೈ ಮೇಲೆತ್ತುವ ಪುಲ್‌ಅಪ್, ಓಟದ ದಿನವೇ ಇರ್ತದೆ, ಹತ್ತು ಹೊಡೆದ್ರೆ 40 ಮಾರ್ಕು, ಆರಕ್ಕೆ 16 ಮಾತ್ರ. ಎರಡು ಕಂಬಕ್ಕೆ ಜಿಐ ಪೈಪ್ ಕಟ್ಟಿ ದಿನಾ ಹೊಡೀರಿ, ಓಡಿ ಸುಸ್ತಾದ ಮೇಲೆಯೇ ಹೊಡೀರಿ. ಒಂಬತ್ತು ಅಡಿ ಹೊಂಡ ಹಾರುದು, ಜಿಗ್‌ಜಾಗ್ ಬ್ಯಾಲೆನ್ಸ್ ಪಾಸಾದ್ರೆ ಸಾಕು, ಗದ್ದೆಯ ಕಟ್ಟಪುಣಿಯಲ್ಲಿ ನಡೆದು ಬೆಳೆದವರಿಗೆ ಅದು ಕಷ್ಟ ಅಲ್ಲ. ಕಿವಿಯ ಗುಗ್ಗೆ ಮೊದಲೇ ಡಾಕ್ಟರ ಹತ್ರ ತೆಗೆಸಿ.

ಕೊನೇ ವಾರ ಓಟ ಅರ್ಧಕ್ಕೆ ಇಳಿಸಿ, ಕಡೇ ಎರಡು ದಿನ ಬರೀ ನಡಿಗೆ. ರ‍್ಯಾಲಿ ಜಾಗಕ್ಕೆ ಹಿಂದಿನ ದಿನ ಮಧ್ಯಾಹ್ನವೇ ತಲುಪಿ, ರಾತ್ರಿ ಟ್ರೇನಲ್ಲಿ ನಿಂತು ಹೋಗಿ ಬೆಳಿಗ್ಗೆ ಓಡಿದ್ರೆ ಮೂರು ತಿಂಗಳ ಕೆಲಸ ನೀರಲ್ಲಿ ಹೋಮ. ಬ್ಯಾಚಲ್ಲಿ ತುಂಬ ಜನ ಇರ್ತಾರೆ, ತೀರ ಹಿಂದೆ ನಿಲ್ಬೇಡಿ, ಮೊದಲ 50 ಮೀಟರಲ್ಲಿ ಮೊಣಕೈ ತಾಗಿ ಬೀಳುವವರು ಉಂಟು, ಕೈ ಎದೆ ಹತ್ರ ಇಟ್ಟು ಜಾಗ ಮಾಡ್ಕೊಳ್ಳಿ, ಆಮೇಲೆ ನಿಮ್ಮ 80ಕ್ಕೆ ಬನ್ನಿ. ಟೈಮ್ ಮುಗಿದ ಕೂಡ್ಲೇ ಅಡ್ಡ ಹಗ್ಗ ಹಿಡಿದು ಹಿಂದಿನವರನ್ನು ತಡೀತಾರೆ. ಅದಕ್ಕೆ ಗೆರೆ ಕಂಡ ಕೂಡ್ಲೇ ಸ್ಪೀಡ್ ಬಿಡ್ಬೇಡಿ, ಗೆರೆ ದಾಟಿ ಹತ್ತು ಮೀಟರ್ ಆಚೆಗೆ ಕಣ್ಣಿಟ್ಟು ಓಡಿ.