ಎಂಡಿಎಫ್ ಹಲಗೆಯಲ್ಲಿ ಸ್ಲಾಟ್ ಕೊರೆದ ನನ್ನ ಅನುಭವ

ಇಂಗ್ಲೆಂಡಿನಲ್ಲಿರುವ ಭಾವ ತಂದುಕೊಟ್ಟ ಸ್ಲಾಟ್ ಕಾರ್ ಸೆಟ್ಟಿನಿಂದ ಈ ಹುಚ್ಚು ಶುರುವಾಯಿತು. ಸ್ಲಾಟ್ ಅಂದರೆ ಟ್ರ್ಯಾಕಿನ ಉದ್ದಕ್ಕೂ ಇರುವ ಕಿರಿದಾದ ಸೀಳು; ಆಟದ ಕಾರಿನ ತಳದ ಗೈಡ್ ಎಂಬ ತುಂಡು ಅದರೊಳಗೆ ಓಡುತ್ತದೆ, ಸೀಳಿನ ಎರಡೂ ಬದಿಯ ಲೋಹದ ಪಟ್ಟಿಯಿಂದ ಕಾರಿಗೆ ಕರೆಂಟ್ ಸಿಗುತ್ತದೆ. 1:32 ಅಳತೆಯ ಎರಡು ಕಾರು, ಒಂದಿಷ್ಟು ಪ್ಲಾಸ್ಟಿಕ್ ಟ್ರ್ಯಾಕ್. ಆ ತುಂಡುಗಳಲ್ಲಿ ಎಷ್ಟು ತಿರುವು ಕೊಟ್ಟಿದ್ದಾರೋ ಅಷ್ಟೇ. ನನಗೆ ಮಡಿಕೇರಿ ಘಾಟಿಯ ಹಾಗೆ ಬಿಗಿಯಾಗುತ್ತಾ ಹೋಗುವ ತಿರುವು ಬೇಕಿತ್ತು. ಹಾಗಾದರೆ ಮರದಲ್ಲೇ ಕೊರೆಯಬೇಕು.

8 ಅಡಿಗೆ 4 ಅಡಿಯ 12 ಮಿಮೀ ಎಂಡಿಎಫ್ ಶೀಟ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಲಗೇಜ್ ಆಟೋದಲ್ಲಿ ಬಂತು. ಟ್ರಿಮ್ಮರ್ ರೌಟರ್, ಅಂದರೆ ಸುತ್ತುವ ಬಿಟ್ಟಿನಿಂದ ಮರ ಕೊರೆಯುವ ಸಣ್ಣ ಕೈಮೆಷಿನ್, ನಮ್ಮ ಮನೆಯ ಕಪಾಟು ಮಾಡಿದ ಆಚಾರಿಯವರದ್ದು. ಬಿಟ್ ಮಾತ್ರ ಹೊಸದು: 1/8 ಇಂಚು, ಅಂದರೆ 3.2 ಮಿಮೀ ಹತ್ತಿರ, ಕಾರ್ಬೈಡ್. ಎಂಡಿಎಫ್‌ನಲ್ಲಿರುವ ಅಂಟು ಮಾಮೂಲಿ ಸ್ಟೀಲ್ ಬಿಟ್ಟಿನ ಮೊನೆಯನ್ನು ಬೇಗ ತಿಂದುಹಾಕುತ್ತದೆ. ಆಳ 7 ಮಿಮೀ ಸಾಕು, ಆದರೆ ಒಂದೇ ಸಲಕ್ಕೆ ಇಳಿಸಬೇಡಿ. ಮೊದಲು 3, ಆಮೇಲೆ 4. ಇಷ್ಟು ಸಣ್ಣ ಬಿಟ್ ಅವಸರ ಮಾಡಿದರೆ ಪಟ್ ಅಂತ ಮುರಿಯುತ್ತದೆ.

ತಿರುವಿಗೆ ದಾರಿ ತೋರಿಸಲು ಅಡುಗೆಮನೆ ಕಪಾಟಿಗೆ ಹಾಕುವ ಪಿವಿಸಿ ಬೋರ್ಡಿನಿಂದ 10 ಮಿಮೀ ಅಗಲದ ಪಟ್ಟಿ ಸೀಳಿಸಿಕೊಂಡೆ. ಅದು ಚೆನ್ನಾಗಿ ಬಾಗುತ್ತದೆ. ಪೆನ್ಸಿಲ್ ಗೆರೆಯ ಮೇಲೆ ಕೂರಿಸಿ ಗೇಣಿಗೆ ಮೂರರಂತೆ ಸ್ಕ್ರೂ ಹೊಡೆದೆ. ಟ್ರಿಮ್ಮರಿನ ತಳ ಚೌಕ. ಅದನ್ನು ತಿರುವಿನಲ್ಲಿ ಸ್ವಲ್ಪ ತಿರುಚಿದರೂ ಬಿಟ್ಟಿಗೂ ಪಟ್ಟಿಗೂ ಇರುವ ದೂರ ಬದಲಾಗುತ್ತದೆ. ಅದಕ್ಕೇ 150 ಮಿಮೀ ವ್ಯಾಸದ ಅಕ್ರಿಲಿಕ್ ಬಿಲ್ಲೆ ಕತ್ತರಿಸಿ ತಳಕ್ಕೆ ಕೂರಿಸಿದೆ. ಬಿಟ್ ಅದರ ನಟ್ಟನಡುವೆ ಬರುವುದು ಅಪರೂಪ, ಹಾಗಾಗಿ ಬಿಲ್ಲೆ ತಿರುಗಿದರೂ ದೂರ ಸ್ವಲ್ಪ ಬದಲಾಗುತ್ತದೆ. ಬಿಲ್ಲೆಯ ಅಂಚಿಗೆ ಒಂದು ಕಡೆ ಕೆಂಪು ಟೇಪ್ ಅಂಟಿಸಿ, ಕೊನೆಯವರೆಗೂ ಆ ಜಾಗವೇ ಪಟ್ಟಿಗೆ ತಾಗುವ ಹಾಗೆ ನೋಡಿಕೊಂಡೆ.

ಇಷ್ಟೆಲ್ಲಾ ಲೆಕ್ಕ ಹಾಕಿದವನು ಎಡವಿದ್ದು ಎಲ್ಲಿ ಗೊತ್ತಾ? ದಿಕ್ಕಿನಲ್ಲಿ. ಪಟ್ಟಿಯನ್ನು ಬಲಗಡೆ ಇಟ್ಟುಕೊಂಡು ತಳ್ಳುತ್ತಾ ಹೋದೆ. ಮೂರನೇ ತಿರುವಿನಲ್ಲಿ ಮೆಷಿನ್ ಕೈಯಿಂದ ಯಾರೋ ಎಳೆದ ಹಾಗೆ ಎಡಕ್ಕೆ ಜಾರಿತು. ಸದ್ದು ನಿಲ್ಲಿಸಿ ನೋಡಿದರೆ ಸ್ಲಾಟ್ ಎರಡು ಮಿಲಿಮೀಟರ್ ಹೊಟ್ಟೆ ಬಿಟ್ಟಿದೆ.

ಆಚಾರಿಯವರಿಗೆ ಫೋನ್ ಮಾಡಿದೆ. "ಪಟ್ಟಿ ಯಾವ ಕಡೆ ಇತ್ತು ಸಾರ್?"

"ಬಲಗಡೆ ಆಚಾರ್ರೇ."

"ಅಯ್ಯೋ, ಅದು ಎಡಕ್ಕೆ ತಾನೇ ಎಳೆಯೋದು!"

ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಮುಂದಿನ ಮೊನೆ ಮರವನ್ನು ಬಲಕ್ಕೆ ಒತ್ತುತ್ತದೆ, ಮರ ಅದನ್ನು ಎಡಕ್ಕೆ ತಳ್ಳುತ್ತದೆ. ಪಟ್ಟಿ ಎಡಗಡೆ ಇದ್ದರೆ ಆ ಎಳೆತವೇ ಮೆಷಿನ್ನನ್ನು ಪಟ್ಟಿಗೆ ಅಂಟಿಸಿ ಹಿಡಿಯುತ್ತದೆ. ನಾವು ಸುಮ್ನೆ ಮುಂದಕ್ಕೆ ತಳ್ಳಿದರೆ ಆಯ್ತು.

ಟಿಂಕರಿಂಗ್ ಅಂಗಡಿಯಲ್ಲಿ ಕಾರಿಗೆ ಬಳಿಯುವ ಪುಟ್ಟಿ ತಂದು ಆ ಜಾಗ ತುಂಬಿಸಿದೆ. ಒಣಗಿದ ಮೇಲೆ ಉಜ್ಜಿ, ಈ ಸಲ ಎದುರು ದಿಕ್ಕಿನಿಂದ ಬಂದು ಮತ್ತೆ ಕೊರೆದೆ.

ಎರಡನೇ ಸ್ಲಾಟಿಗೆ ಪಟ್ಟಿ ಬೇಕಾಗಲಿಲ್ಲ. ಉದ್ದನೆಯ ಅಕ್ರಿಲಿಕ್ ತಳಕ್ಕೆ ಬಿಟ್ಟಿನಿಂದ 90 ಮಿಮೀ ದೂರದಲ್ಲಿ ಮುರಿದ 3 ಮಿಮೀ ಡ್ರಿಲ್ ಬಿಟ್ಟಿನ ಬುಡವನ್ನು ಗೂಟದ ಹಾಗೆ ಸೇರಿಸಿದೆ. ಗೂಟ ಮೊದಲ ಸ್ಲಾಟಿನಲ್ಲಿ ಓಡುತ್ತದೆ, ಬಿಟ್ ಪಕ್ಕದಲ್ಲಿ ಕೊರೆಯುತ್ತದೆ. ಗೂಟ, ಬಿಟ್ ಎರಡೂ ಸ್ಲಾಟಿಗೆ ಅಡ್ಡಲಾಗಿ ನೇರ ಇರಬೇಕು. ಓರೆಯಾದರೆ ಅಂತರ ಕಮ್ಮಿಯಾಗುತ್ತದೆ, ತಿರುವಿನಲ್ಲಿ ಕಾರುಗಳು ಬಾಲ ಬೀಸುವಾಗ ಒಂದಕ್ಕೊಂದು ಗುದ್ದಿಕೊಳ್ಳುತ್ತವೆ.

ಧೂಳಿನ ಬಗ್ಗೆ ಏನು ಹೇಳಲಿ! ಟೆರೇಸ್ ಮೇಲೆ ಮಾಸ್ಕ್ ಹಾಕಿಕೊಂಡೇ ಮಾಡಿದೆ, ಆದರೂ ಪಕ್ಕದ ಮನೆ ಆಂಟಿಯ ಒಣಹಾಕಿದ ಸೀರೆಗೆ ಕಂದು ಪೌಡರ್. ಆಮೇಲೆ ಕೆಳಗಿಳಿದು ಹೋಗಿ ಸಾರಿ ಕೇಳಿಕೊಂಡೆ.

ಪೇಂಟ್ ಬಳಿದಾಗ ಸ್ಲಾಟ್ ಸ್ವಲ್ಪ ಕಿರಿದಾಗುತ್ತದೆ. ಮಡಚಿದ ಮರಳು ಕಾಗದವನ್ನು ಒಳಗೆ ಎಳೆದು, ಕಾರಿನ ಕೆಳಗಿರುವ ಗೈಡನ್ನು ಬಿಚ್ಚಿ ಕೈಯಲ್ಲೇ ಪೂರ್ತಿ ಸುತ್ತು ಓಡಿಸಿ ನೋಡಿದೆ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಅದೆಲ್ಲ ಸರಿಹೋದ ಮೇಲೆ ಎರಡೂ ಬದಿಗೆ ತಾಮ್ರದ ಟೇಪ್, ಬೆಸುಗೆ, 12 ವೋಲ್ಟ್.

ಮೂರನೇ ತಿರುವಿನಲ್ಲಿ ಈಗಲೂ ಸಣ್ಣದಾಗಿ 'ಟಿಕ್' ಅನ್ನುತ್ತದೆ. ಮಗಳು ಅಲ್ಲಿ ಮಾತ್ರ ಕಂಟ್ರೋಲರ್ ಸ್ವಲ್ಪ ಸಡಿಲಿಸುತ್ತಾಳೆ. ನಾನು ಸಡಿಲಿಸುವುದಿಲ್ಲ, ಸೋಲುತ್ತಲೇ ಇದ್ದೇನೆ.