ಐದನೆಯ ವಯಲ್

ಮಕ್ಕಳ ವಾರ್ಡಿನ ತೂಕದ ಯಂತ್ರದ ಮುಂದೆ ತಾಯಂದಿರೆಲ್ಲ ಹೆಚ್ಚುಕಡಿಮೆ ಒಂದೇ ರೀತಿ. ಸ್ವೆಟರ್ ತೆಗೆಯಿರಿ ಎಂದರೆ "ಇರಲಿ ಬಿಡಿ ಸಿಸ್ಟರ್, ಚಳಿ" ಎನ್ನುತ್ತಾರೆ. ಅಂಕಿ ಇನ್ನೊಂದಿಷ್ಟು ಏರಲಿ ಎಂಬ ಆಸೆ. ಈ ತಾಯಿ ಮಾತ್ರ ನಾನು ಬಾಯಿ ತೆರೆಯುವ ಮೊದಲೇ ಮಗುವಿನ ಸ್ವೆಟರ್, ಟೋಪಿ, ಕಾಲ್ಗೆಜ್ಜೆ, ಕೊನೆಗೆ ಉಡಿದಾರದ ಬೆಳ್ಳಿ ತಾಯಿತವನ್ನೂ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಅಚ್ಚುಕಟ್ಟಿನ ಹೆಂಗಸು ಎಂದುಕೊಂಡಿದ್ದೆ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ನರ್ಸ್. ಹಾವೇರಿ ಕಡೆಯಿಂದ ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸು ಹಿಡಿದು ಬರುತ್ತಿದ್ದ ಈ ಮಗುವಿಗೆ ಪಾಂಪೆ ಕಾಯಿಲೆ. ಸ್ನಾಯುಗಳು ಗ್ಲೈಕೋಜೆನ್ ಎಂಬ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತವೆ. ಜೀವಕೋಶದ ಲೈಸೋಸೋಮ್ ಎಂಬ ಚೀಲ ಸೇರಿದ ಗ್ಲೈಕೋಜೆನ್ನನ್ನು ಅಲ್ಲಿ ಒಡೆಯುವ ಕಿಣ್ವವೊಂದಿದೆ. ಈ ಮಕ್ಕಳಲ್ಲಿ ಅದು ಇರುವುದಿಲ್ಲ, ಇದ್ದರೂ ಕೆಲಸಕ್ಕೆ ಸಾಲುವುದಿಲ್ಲ. ಸಕ್ಕರೆ ತುಂಬಿ ತುಂಬಿ ಸ್ನಾಯು ಸೋಲುತ್ತದೆ. ಹೃದಯವೂ ಸ್ನಾಯುವೇ ತಾನೇ, ಅದು ಊದುತ್ತದೆ. 1932ರಲ್ಲಿ ಡಚ್ ವೈದ್ಯ ಪಾಂಪೆ ಏಳು ತಿಂಗಳ ಕೂಸೊಂದರಲ್ಲಿ ಇದನ್ನು ವಿವರಿಸಿದರು. ಶೈಶವದಲ್ಲೇ ಕಾಣಿಸಿಕೊಂಡ ಮಕ್ಕಳು ಚಿಕಿತ್ಸೆಯಿಲ್ಲದಿದ್ದರೆ ಬಹುಪಾಲು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ. ಮೈಯೋಜೈಮ್ ಎಂಬ ಹೆಸರಿನ ಕಿಣ್ವದ ಮದ್ದಿಗೆ ಅಮೆರಿಕ, ಯುರೋಪುಗಳಲ್ಲಿ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ.

ಈ ತಾಯಿಯ ಮೊದಲ ಕೂಸು ಎಂಟನೆಯ ತಿಂಗಳಿಗೆ ತೀರಿಕೊಂಡಿತ್ತು. ನ್ಯುಮೋನಿಯಾ ಎಂದಿದ್ದರಂತೆ. ಎರಡನೆಯದೂ ಕತ್ತು ನಿಲ್ಲಿಸದೆ, ಎತ್ತಿಕೊಂಡರೆ ಒದ್ದೆ ಬಟ್ಟೆಯಂತೆ ಜೋತು ಬಿದ್ದಾಗ ಯಾರೋ ಎದೆಯ ಎಕ್ಸ್‌ರೇ ಸರಿಯಾಗಿ ನೋಡಿದರು. ಎದೆಗೂಡಿನ ಅರ್ಧಕ್ಕಿಂತ ಹೆಚ್ಚು ಹೃದಯವೇ ಇತ್ತು. ಶೋಧಕ ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಲ್ಲಿ ಕಿಣ್ವದ ಕೊರತೆ ಗೊತ್ತಾಯಿತು. ಈಕೆ ಸೋದರಮಾವನನ್ನೇ ಮದುವೆಯಾದವರು. ತಂದೆ ತಾಯಿ ಇಬ್ಬರಲ್ಲೂ ಅದೇ ಕೆಟ್ಟ ಜೀನು ಒಂದೊಂದು ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಮ್ಮ ಕಡೆ ಆಸ್ತಿ ಒಡೆಯಬಾರದು, ಹುಡುಗಿ ದೂರ ಹೋಗಬಾರದು ಎಂದು ಮಾಡುವ ಇಂಥ ಮದುವೆಗಳ ವಿಷಯ ಎತ್ತಿದಾಗಲೆಲ್ಲ ಅತ್ತೆಯಂದಿರು ನನ್ನನ್ನು ದುರುಗುಟ್ಟಿ ನೋಡುತ್ತಾರೆ. ಎತ್ತುವುದನ್ನು ನಾನು ಬಿಟ್ಟಿಲ್ಲ.

ಮದ್ದಿನ ಲೆಕ್ಕ ಸರಳ. ಕಿಲೋ ತೂಕಕ್ಕೆ 20 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಒಂದು ವಯಲ್‌ನಲ್ಲಿ 50 ಮಿಲಿಗ್ರಾಂ ಪುಡಿ; ವಯಲ್ ಅಂದರೆ ಮದ್ದಿನ ಪುಟ್ಟ ಗಾಜಿನ ಶೀಶೆ. ಮೊದಲ ದಿನ ಮಗುವಿಗೆ ಐದು ತಿಂಗಳು, 5.4 ಕಿಲೋ. 108 ಮಿಲಿಗ್ರಾಂ ಬೇಕು, ಅಂದರೆ ಮೂರು ವಯಲ್ ಒಡೆಯಬೇಕು. ನೀರಿನಲ್ಲಿ ಕಲಸಿದ ಮೂರನೆಯದರಲ್ಲಿ 42 ಮಿಲಿಗ್ರಾಂ ಉಳಿಯಿತು. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇಲ್ಲ, ಆದ್ದರಿಂದ ಎತ್ತಿಡುವಂತಿಲ್ಲ. ತಾಯಿಗೆ ಬೆನ್ನು ಹಾಕಿ ನಿಂತು ಅದನ್ನು ಚೆಲ್ಲಿದೆ.

ಕಲಸುವ ಕೆಲಸವೇ ನಿಜವಾದ ಪರೀಕ್ಷೆ. ಫ್ರಿಜ್ಜಿನಿಂದ ತೆಗೆದು ಸುಮಾರು ಅರ್ಧ ಗಂಟೆ ಹೊರಗಿಡಬೇಕು. ವಯಲ್ ಒಂದಕ್ಕೆ 10.3 ಮಿಲಿಲೀಟರ್ ಸ್ಟರೈಲ್ ವಾಟರ್. ಅದನ್ನು ಪುಡಿಯ ಮೇಲೆ ಬಿಡಬಾರದು, ಗಾಜಿನ ಒಳಗೋಡೆಯ ಗುಂಟ ಹನಿಹನಿಯಾಗಿ ಇಳಿಸಬೇಕು. ಆಮೇಲೆ ವಯಲ್ಲನ್ನು ಓರೆಯಾಗಿ ಹಿಡಿದು ನಿಧಾನ ಉರುಳಿಸಬೇಕು, ಕುಲುಕಲೇಬಾರದು. ನನ್ನದು ದಿನಕ್ಕೆ ಇಪ್ಪತ್ತು ಸಲ ಆ್ಯಂಟಿಬಯಾಟಿಕ್ ವಯಲ್ ಹಿಡಿದು ಗಡಗಡ ಕುಲುಕುವ ಕೈ. ನಾಲ್ಕನೆಯ ಸಲ, ವಾರ್ಡ್ ತುಂಬಿದ್ದ ಒಂದು ಸೋಮವಾರ, ಆ ಚಾಳಿ ತಲೆಯೆತ್ತಿತು. ಮೊಟ್ಟೆಯ ಬಿಳಿಯನ್ನು ಕಡೆದಂತೆ ನೊರೆ ಎದ್ದಿತು. ಬೆಳಕಿಗೆ ಹಿಡಿದರೆ ನೂಲಿನ ಎಳೆಯಂಥ ಬಿಳಿ ತುಣುಕುಗಳು. ಕಿಣ್ವ ಅಂದರೆ ಪ್ರೋಟೀನು. ಹಾಗೆ ಗಟ್ಟಿಯಾದ ಪ್ರೋಟೀನನ್ನು ಮಗುವಿನ ರಕ್ತಕ್ಕೆ ಬಿಡಲಾಗದು. ಡಾಕ್ಟರಿಗೆ ಹೇಳಿ, ದಾಖಲೆಯಲ್ಲಿ ಬರೆದು ಎಸೆದೆ. ತಾಯಿಗೂ ನಾನೇ ಹೋಗಿ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು "ಹಾಗಾದರೆ ಇವತ್ತು ನಾಲ್ಕು ಆದವು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಏಳೂವರೆ ಕಿಲೋ ಆಗುವವರೆಗೆ ಮೂರೇ ಸಾಕಲ್ಲವೇ ಸಿಸ್ಟರ್?" ಎಂದು ಕೇಳಿದರು.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು. ಏಳೂವರೆಯನ್ನು ಇಪ್ಪತ್ತರಿಂದ ಗುಣಿಸಿ ಐವತ್ತರಿಂದ ಭಾಗಿಸಿ, ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ನೋಡಿಟ್ಟುಕೊಂಡಿದ್ದರು. ಕಾಲ್ಗೆಜ್ಜೆಯ ಅರ್ಥ ನನಗೆ ಹೊಳೆದದ್ದು ಆಗ. ಅಪರೂಪದ ಕಾಯಿಲೆಗಳಿಗಾಗಿ ಕೇಂದ್ರ ಸರ್ಕಾರದ 2021ರ ನೀತಿಯಿದೆ. ಅದರಲ್ಲಿ 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ದೊಡ್ಡ ಮೊತ್ತವೇ. ಆದರೆ ಮದ್ದು ಜೀವನಪೂರ್ತಿ ಬೇಕು, ಮೊತ್ತಕ್ಕೆ ಮಿತಿ ಇದೆ, ಮಗು ಬೆಳೆಯುತ್ತದೆ. ಬೆಳೆದಷ್ಟೂ ಹಣ ಬೇಗ ಕರಗುತ್ತದೆ. ಈ ನೀತಿ ಬರೆದವರು ಮಗು ಬೆಳೆಯುತ್ತದೆ ಎಂಬುದನ್ನು ಮರೆತಿದ್ದಾರೆ ಎಂದು ನನಗೆ ಆಗಾಗ ಅನ್ನಿಸಿದೆ.

ಅಂದಿನಿಂದ ಕೆಲವು ನಿಯಮ ಮಾಡಿಕೊಂಡೆ. ಈ ಮಗು ಬರುವ ದಿನ ಮದ್ದು ಕಲಸುವಾಗ ನನ್ನನ್ನು ಯಾರೂ ಕರೆಯಬಾರದು, ಮೊಬೈಲ್ ಬೀರುವಿನಲ್ಲಿ. ರಕ್ತನಾಳ ಸಿಕ್ಕು, ಮದ್ದು ಹೋಗುವ ಕ್ಯಾನುಲಾ ಕೊಳವೆ ಭದ್ರವಾದ ಮೇಲೆಯೇ ವಯಲ್ ಒಡೆಯುವುದು. ಒಡೆದಿಟ್ಟು ಆಮೇಲೆ ನರ ಹುಡುಕುತ್ತ ಕೂರುವ ಪಾಡು ಬೇಡ. ಈ ಮಕ್ಕಳ ಕೈ ಬೊದ್ದಾಗಿ ಮೆತ್ತಗಿರುತ್ತದೆ, ನರ ಬೆರಳಿಗೆ ಸಿಗುವುದಿಲ್ಲ. ಸಲೈನ್ ಚೀಲದೊಳಗಿನ ಗಾಳಿಯನ್ನು ಮೊದಲೇ ಸಿರಿಂಜಿನಿಂದ ಎಳೆದು ತೆಗೆಯುತ್ತೇನೆ, ಗಾಳಿ ಸೋಕಿದಲ್ಲಿ ತುಣುಕು ಕಟ್ಟುತ್ತದೆ. ಮದ್ದು ಇಳಿಯುವ ಲೈನಿನಲ್ಲಿ ತುಣುಕು ತಡೆಯುವ 0.2 ಮೈಕ್ರಾನ್ ಫಿಲ್ಟರ್ ಇರಲೇಬೇಕು.

ಹತ್ತು ಕಿಲೋದೊಳಗಿನ ಮಗುವಿಗೆ ಸಲೈನ್ ಸೇರಿ ಒಟ್ಟು 50 ಮಿಲಿಲೀಟರ್. ಪಂಪಿನಲ್ಲಿ ಗಂಟೆಗೆ 3 ಮಿಲಿಲೀಟರಿನಿಂದ ಶುರು. ಅರ್ಧ ಗಂಟೆಗೊಮ್ಮೆ ನಾಡಿ, ಉಸಿರು, ಬಿ.ಪಿ., ಜ್ವರ ನೋಡಿ, ಎಲ್ಲ ಸರಿಯಿದ್ದರೆ 8, 13, 18. ಸುಮಾರು ನಾಲ್ಕು ಗಂಟೆಯ ಕೆಲಸ. ಒಂಬತ್ತನೆಯ ಸಲ 13ಕ್ಕೆ ಏರಿಸಿದ ಸ್ವಲ್ಪದರಲ್ಲೇ ಮಗು ಕಿವಿ ಉಜ್ಜಿಕೊಳ್ಳತೊಡಗಿತು. ನಿದ್ದೆ ಬಂದಿರಬೇಕು ಎಂದರು ತಾಯಿ. ಅಂಗಿ ಎತ್ತಿ ನೋಡಿದರೆ ಬೆನ್ನಿನ ಮೇಲೆ ಸೊಳ್ಳೆ ಕಚ್ಚಿದಂಥ ದದ್ದು. ಪಂಪ್ ನಿಲ್ಲಿಸಿ ಡಾಕ್ಟರನ್ನು ಕರೆದೆ. ಅಲರ್ಜಿ ಜೀವಕ್ಕೇ ಬಂದರೆ ಕೊಡುವ ಅಡ್ರಿನಲಿನ್ ಟ್ರೇಯಲ್ಲೇ ಇತ್ತು, ಬೇಕಾಗಲಿಲ್ಲ. ಅಲರ್ಜಿಯ ಚುಚ್ಚುಮದ್ದು ಕೊಟ್ಟು, ದದ್ದು ಇಳಿದ ಮೇಲೆ ಅರ್ಧ ವೇಗದಲ್ಲಿ ಮುಂದುವರಿಸಿದೆವು. ಅಂದು ಅವರ ರಾತ್ರಿ ಬಸ್ಸು ತಪ್ಪಿತು. ಅಂಗಿ ಎತ್ತಿ ಬೆನ್ನು ನೋಡುವುದನ್ನು ಆಮೇಲೆ ಪ್ರತಿ ಅರ್ಧ ಗಂಟೆಯ ಪಟ್ಟಿಗೆ ಸೇರಿಸಿದೆ. ಯಂತ್ರ ತೋರಿಸುವುದಕ್ಕಿಂತ ಮೊದಲು ಚರ್ಮ ಹೇಳುತ್ತದೆ.

ಮದ್ದಿಗೆ ಮೊದಲು ಒಲಿದದ್ದು ಹೃದಯ. ಕೆಲವೇ ತಿಂಗಳಲ್ಲಿ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಅದರ ಗೋಡೆ ತೆಳ್ಳಗಾಗುತ್ತ ಬಂತು, ಹಾಲು ಕುಡಿಯುವಾಗ ಬೆವರುವುದು ನಿಂತಿತು. ಕೈಕಾಲಿನ ಸ್ನಾಯುಗಳದು ನಿಧಾನ. ಮದ್ದು ಶುರುವಾಗುವ ಮೊದಲೇ ಹಾಳಾದದ್ದು ಹಿಂದಿರುಗುವುದು ಕಷ್ಟ. ಹದಿನಾಲ್ಕು ತಿಂಗಳಿಗೆ ಮಗು ಒರಗದೆ ಕೂತಿತು. ಕಿವಿ ಸ್ವಲ್ಪ ಮಂದವೆಂದು ಯಂತ್ರ ಬಂತು, ಅದನ್ನು ಕಿತ್ತು ಬಾಯಿಗಿಡುವುದೇ ಅದರ ಆಟ.

ಏಳೂವರೆ ದಾಟಿದ ದಿನ ತಾಯಿ ಏನೂ ಅನ್ನಲಿಲ್ಲ, ನಾಲ್ಕು ವಯಲ್ ಒಡೆದೆವು. ಮುಂದಿನ ಮೆಟ್ಟಿಲು ಹತ್ತು. ಮಗುವಿಗೆ ಒಂದು ವರ್ಷ ಹತ್ತು ತಿಂಗಳಾದಾಗ ಯಂತ್ರ 10.2 ತೋರಿಸಿತು. ಇನ್ನೊಮ್ಮೆ ಮಲಗಿಸಿದೆ, ಅದೇ ಅಂಕಿ. 204 ಮಿಲಿಗ್ರಾಂ, ಅಂದರೆ ಬರೀ ನಾಲ್ಕು ಮಿಲಿಗ್ರಾಂಗಾಗಿ ಐದನೆಯ ವಯಲ್.

"ಊರಿನಲ್ಲಿ ಹಬ್ಬವಿತ್ತು ಸಿಸ್ಟರ್. ತುಪ್ಪ ಜಾಸ್ತಿ ಹಾಕಿಬಿಟ್ಟೆ" ಎಂದರು ತಾಯಿ, ತಪ್ಪೊಪ್ಪಿಕೊಳ್ಳುವವರಂತೆ.

ನಾನು 10.2 ಎಂದೇ ಬರೆದೆ. ಡಾಕ್ಟರ್ ಚೀಟಿ ನೋಡಿ, ನನ್ನನ್ನು ನೋಡಿ, 200 ಮಿಲಿಗ್ರಾಂ ಎಂದು ಬರೆದರು. ಕಿಲೋಗೆ 19.6 ಬೀಳುತ್ತದೆ, ಅಷ್ಟು ಅತ್ತಿತ್ತಾದರೆ ತೊಂದರೆಯಿಲ್ಲ, ಆದರೆ ಇನ್ನು ಮುಂದೆ ಆಗದು ಎಂದರು. ಐದನೆಯದು ಫ್ರಿಜ್ಜಿನಲ್ಲೇ ಉಳಿಯಿತು.

ಎರಡು ವಾರ ಬಿಟ್ಟು ಬಂದಾಗ ಸ್ವೆಟರ್, ಟೋಪಿ, ಗೆಜ್ಜೆ ಎಲ್ಲ ಮೈಮೇಲೆಯೇ ಇದ್ದವು. ತಾಯಿ ಹಾಗೆಯೇ ಯಂತ್ರದ ಮೇಲೆ ಮಲಗಿಸಲು ಹೋದರು. ನಾನೇ ತಡೆದು ಒಂದೊಂದಾಗಿ ಬಿಚ್ಚಿ ಅವರ ಕೈಗೆ ಕೊಟ್ಟೆ. 10.6. ಈ ಸಲ ಚೀಲ ನೂರು ಮಿಲಿಲೀಟರಿನದು, ಪಂಪಿನ ಮೊದಲ ಅಂಕಿ 5. ಐದು ವಯಲ್ಲುಗಳನ್ನು ಸಾಲಾಗಿ ಟ್ರೇಯಲ್ಲಿಟ್ಟು, ಮೊಬೈಲನ್ನು ಬೀರುವಿಗೆ ಹಾಕಿ, ಕೈ ತೊಳೆಯಲು ಹೋದೆ.