ಒಣ ಚರ್ಮಕ್ಕೆ ಅಗಸೆ ಎಣ್ಣೆ ಕ್ಯಾಪ್ಸೂಲ್: ತಗೊಳ್ಳೋದು ಹೇಗೆ?

ಚಳಿ ಶುರುವಾದ್ರೆ ಕೈಕಾಲೆಲ್ಲ ಬೆಳ್ಳಗೆ ಬಿರಿಯೋರು ಈಗ ಕ್ರೀಮ್ ಜೊತೆಗೆ ಫ್ಲ್ಯಾಕ್ಸ್ ಸೀಡ್ ಆಯಿಲ್ ಕ್ಯಾಪ್ಸೂಲೂ ತಗೋತಿದಾರೆ, ಅದೇ ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಕೊಂಡು ತಿನ್ನೋ ಅಗಸೆ. ಇದು ಸುಮ್ನೆ ಜಾಹೀರಾತಿನ ಮಾತಲ್ಲ, ಆದ್ರೆ ಎಲ್ಲ ಚರ್ಮಕ್ಕೂ ಮದ್ದೂ ಅಲ್ಲ.

ಮೊದಲು ನಿಮ್ಮ ತೊಂದ್ರೆ ಯಾವ್ದು ಅಂತ ನೋಡ್ಕೊಳ್ಳಿ. ಬರೀ ಒಣಗೋದು, ಒರಟು, ಸೋಪು ಬಿದ್ರೆ ಉರಿ, ಇಷ್ಟೇ ಇದ್ರೆ ಟ್ರೈ ಮಾಡಬಹುದು. ಕೆಂಪಾಗಿ ತುರಿಸಿ ನೀರು ಸೋರೋ ಎಕ್ಸಿಮಾ ಇದ್ರೆ ಸ್ಕಿನ್ ಡಾಕ್ಟರ್ ಹತ್ರಾನೇ ಹೋಗ್ಬೇಕು. ಎಕ್ಸಿಮಾಗೆ ಅಂತ ಮಾರೋ ಈವ್ನಿಂಗ್ ಪ್ರಿಮ್‌ರೋಸ್, ಬೋರೇಜ್ ಅನ್ನೋ ಗಿಡಗಳ ಬೀಜದೆಣ್ಣೆ ಕ್ಯಾಪ್ಸೂಲ್‌ಗಳು ಡಮ್ಮಿ ಕ್ಯಾಪ್ಸೂಲ್‌ಗಿಂತ ಹೆಚ್ಚೇನೂ ಮಾಡಲ್ಲ ಅಂತ ಹಲವು ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡಿದ 2013ರ ಕೊಕ್ರೇನ್ ವಿಮರ್ಶೆ ಹೇಳಿದೆ, ದಯವಿಟ್ಟು ಅದಕ್ಕೆ ದುಡ್ಡು ಸುರೀಬೇಡಿ.

ಅಗಸೆ ಯಾಕೆ ಅಂದ್ರೆ, ಚರ್ಮದ ಮೇಲ್ಪದರ ನೀರು ಹಿಡಿದಿಟ್ಕೊಳ್ಳೋಕೆ ಕೊಬ್ಬಿನಾಮ್ಲ ಬೇಕು. ಅದರಲ್ಲಿ ಲಿನೋಲೆಯಿಕ್ ಆಮ್ಲ ಸೂರ್ಯಕಾಂತಿ, ಕುಸುಬೆ ಎಣ್ಣೆಯಿಂದ ಹೇಗೂ ಸಿಗತ್ತೆ, ಕಮ್ಮಿ ಬೀಳೋದು ಒಮೆಗಾ-3, ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಇರೋದು. 2011ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ 26 ಹೆಂಗಸರಲ್ಲಿ ಅರ್ಧ ಜನ ಅಗಸೆ ಎಣ್ಣೆ, ಅರ್ಧ ಜನ ಕುಸುಬೆ ಎಣ್ಣೆ 12 ವಾರ ತಗೊಂಡ್ರು, ಕುಸುಬೆ ಗುಂಪಿಗಿಂತ ಅಗಸೆ ಗುಂಪಿನಲ್ಲಿ ಹೊಟ್ಟು ಏಳೋದು, ಚರ್ಮದ ನೀರು ಆರಿಹೋಗೋದು ಚೆನ್ನಾಗಿ ಕಮ್ಮಿಯಾಯ್ತು. ಪ್ರಯೋಗ ಚಿಕ್ಕದು, ಅದಕ್ಕೇ ಪವಾಡ ಆಗತ್ತೆ ಅಂದ್ಕೋಬೇಡಿ.

ಕೊಳ್ಳುವಾಗ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಎಕ್ಸ್‌ಪೈರಿ, ಕೋಲ್ಡ್ ಪ್ರೆಸ್ಡ್ (ಬಿಸಿ ಮಾಡದೆ ಹಿಂಡಿದ್ದು) ಅನ್ನೋದು ನೋಡಿ. ಪೇಂಟ್ ಅಂಗಡಿಯ ಲಿನ್ಸೀಡ್ ಎಣ್ಣೆಯೂ ಅಗಸೆದೇ, ಆದ್ರೆ ಬೇಗ ಒಣಗಲಿ ಅಂತ ಅದಕ್ಕೆ ಎಷ್ಟೋ ಸಲ ಕೆಮಿಕಲ್ ಹಾಕಿರ್ತಾರೆ, ಬಾಯಿಗೆ ಹಾಕಲೇಬೇಡಿ! ಮನೇಲಿ ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ, ಕಮಟು ವಾಸನೆ ಬಂದ್ರೆ ಡಬ್ಬಿನೇ ಬಿಸಾಕಿ, ಈ ಎಣ್ಣೆ ಬಿಸಿಗೆ ಬೆಳಕಿಗೆ ಬೇಗ ಕೆಡತ್ತೆ. ಬಾಟಲಿ ಎಣ್ಣೆ ತಂದ್ರೆ ಫ್ರಿಜ್ಜಲ್ಲೇ ಇಡಿ, ಒಗ್ಗರಣೆಗಂತೂ ಬೇಡ, ಅನ್ನಕ್ಕೋ ಮಜ್ಜಿಗೆಗೋ ಹಸಿಯಾಗೇ ಹಾಕ್ಕೊಳ್ಳಿ.

ಎಷ್ಟು ತಗೋಬೇಕು? 2009ರ ಇನ್ನೊಂದು ಪ್ರಯೋಗದಲ್ಲಿ ಕೊಟ್ಟಿದ್ದು ದಿನಕ್ಕೆ 2.2 ಗ್ರಾಂ, ಅಂದ್ರೆ 1000 ಮಿಲಿಗ್ರಾಂದು ಎರಡು ಕ್ಯಾಪ್ಸೂಲ್ ಹತ್ರಹತ್ರ. ಊಟದ ಜೊತೆ ತಗೊಳ್ಳಿ, ಮೊದಲ ವಾರ ಒಂದೇ ಸಾಕು, ಕೆಲವರಿಗೆ ಹೊಟ್ಟೆ ಸಡಿಲ ಆಗತ್ತೆ. ಕ್ಯಾಪ್ಸೂಲ್ ದುಬಾರಿ ಅನ್ಸಿದ್ರೆ ಅಗಸೆ ಹುರಿದು ಪುಡಿ ಮಾಡಿ, ಒಂದು ದೊಡ್ಡ ಚಮಚ ಪುಡಿಯಲ್ಲಿ ಸುಮಾರು 1.6 ಗ್ರಾಂ ಒಮೆಗಾ-3 ಇರತ್ತೆ, ನನ್ನ ಕೇಳಿದ್ರೆ ಇದೇ ಒಳ್ಳೇದು, ನಾರೂ ಸಿಗತ್ತೆ. ಇಡೀ ಬೀಜ ನುಂಗಿದ್ರೆ ಹಾಗೇ ಆಚೆ ಹೋಗತ್ತೆ. ಪುಡಿ ತಿಂದ ದಿನ ನೀರು ಜಾಸ್ತಿ ಕುಡೀರಿ.

ಮಾಯಿಶ್ಚರೈಸರ್ ನಿಲ್ಲಿಸಬೇಡಿ. ಹಚ್ಚೋ ಕ್ರೀಮ್ ಬದಲಾಯಿಸದೆ 12 ವಾರ ನೋಡಿ, ಆಗಲೂ ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ಬಿಟ್ಬಿಡಿ. ವಾರ್ಫರಿನ್ ಥರ ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು, ಬಸುರಿಯರು, ಆಪರೇಷನ್ ಇರೋರು ಮಾತ್ರ ಡಾಕ್ಟರನ್ನ ಕೇಳದೆ ಶುರು ಮಾಡಲೇಬಾರದು.